ರಿಯಾಯಿತಿಯ ಯಂತ್ರ, ತೆರಿಗೆಯ ಬಿಲ್ಲು

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)





ವಿದ್ಯಾಸಂಘದ ಸಭೆಯಲ್ಲಿ ತೆರಿಗೆಯ ಮಾತು ಯಾಕೆ ಎಂದು ಕೆಲವರಿಗೆ ಅನ್ನಿಸಬಹುದು. ಈ ಸಭಾಂಗಣದಲ್ಲಿ ಕುಳಿತವರನ್ನೊಮ್ಮೆ ನೋಡಿ. ಹೊಲಿಗೆ ಅಂಗಡಿ ಇಟ್ಟವರಿದ್ದಾರೆ, ಮುದ್ರಣಾಲಯ ನಡೆಸುವವರಿದ್ದಾರೆ, ಬೇಕರಿಯವರು, ವೆಲ್ಡಿಂಗ್‌ನವರು, ಮೊಬೈಲ್ ರಿಪೇರಿಯವರು ಇದ್ದಾರೆ. ಇನ್ನೆರಡು ವರ್ಷಗಳಲ್ಲಿ ಲ್ಯಾಪ್‌ಟಾಪ್ ಒಂದನ್ನೇ ಬಂಡವಾಳ ಮಾಡಿಕೊಂಡು ಸ್ವಂತ ಕೆಲಸ ಹಿಡಿಯಲಿರುವ ವಿದ್ಯಾರ್ಥಿಗಳಿದ್ದಾರೆ. ಇವರೆಲ್ಲರೂ ಒಂದಲ್ಲ ಒಂದು ದಿನ ಕೆಲಸಕ್ಕೆಂದು ಯಂತ್ರ ಕೊಳ್ಳುತ್ತಾರೆ. ಕೊಳ್ಳುವಾಗ ಚೌಕಾಸಿ ಮಾಡಿ ರಿಯಾಯಿತಿ ಪಡೆಯುತ್ತಾರೆ. ಆದರೆ ಅದೇ ಬಿಲ್ಲಿನ ಕೆಳಸಾಲಿನಲ್ಲಿರುವ ತೆರಿಗೆಯಲ್ಲಿ ತಮಗೆ ವಾಪಸು ಬರಬೇಕಾದದ್ದು ಎಷ್ಟು ಎಂದು ಲೆಕ್ಕ ಹಾಕುವವರು ಕಡಿಮೆ. ಒಂದು ಸಾವಿರ ರೂಪಾಯಿಗಾಗಿ ಅರ್ಧ ದಿನ ಚರ್ಚೆ ಮಾಡಿ, ಒಂಬತ್ತು ಸಾವಿರವನ್ನು ಅಂಗಡಿಯ ಕೌಂಟರಿನಲ್ಲೇ ಬಿಟ್ಟು ಬರುತ್ತೇವೆ. ಇನ್ನು ಕೆಲವರು ತಮ್ಮದಲ್ಲದ ತೆರಿಗೆಯನ್ನು ತಮ್ಮದೆಂದು ಬರೆದುಕೊಂಡು ನೋಟೀಸು ಬಂದ ಮೇಲೆ ಓಡಾಡುತ್ತಾರೆ. ಎರಡಕ್ಕೂ ಕಾರಣ ಬಿಲ್ ಓದಲು ಬಾರದಿರುವುದು. ಬಿಲ್ ಓದುವುದೂ ಒಂದು ವಿದ್ಯೆಯೇ. ಆದ್ದರಿಂದ ಈ ವಿಷಯವನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ಹಿಂದೆ ಹೇಗಿತ್ತು, ಈಗ ಹೇಗಿದೆ

ಹಿರಿಯರಿಗೆ ಹಳೆಯ ಮಾರಾಟ ತೆರಿಗೆಯ ಕಾಲ ನೆನಪಿರಬಹುದು. ಆಗ ಹೆಚ್ಚಿನ ಸರಕುಗಳಿಗೆ ಮೊದಲ ಮಾರಾಟದ ಹಂತದಲ್ಲೇ ತೆರಿಗೆ ಬೀಳುತ್ತಿತ್ತು. ಅದು ಬೆಲೆಯೊಳಗೆ ಸೇರಿಹೋಗುತ್ತಿತ್ತು. ಕೊಂಡವನಿಗೆ ಅದನ್ನು ವಾಪಸು ಪಡೆಯುವ ದಾರಿ ಇರಲಿಲ್ಲ. 2005ರ ಏಪ್ರಿಲ್ 1ರಿಂದ ಕರ್ನಾಟಕದಲ್ಲಿ ಮೌಲ್ಯವರ್ಧಿತ ತೆರಿಗೆ, ಅಂದರೆ ವ್ಯಾಟ್, ಜಾರಿಗೆ ಬಂತು. ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ಮಾರುವಾಗ ಕಟ್ಟಬೇಕಾದ ತೆರಿಗೆಯಿಂದ ಕಳೆಯಬಹುದು ಎಂಬ ನಿಯಮ ಆಗ ಬಂತು. ಆದರೂ ಬೇರೆ ರಾಜ್ಯದಿಂದ ಯಂತ್ರ ತರಿಸಿದರೆ ಅದಕ್ಕೆ ಕೊಟ್ಟ ಕೇಂದ್ರ ಮಾರಾಟ ತೆರಿಗೆ ಹೋದ ಹಾಗೆಯೇ. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಆ ತಡೆಯೂ ಹೋಯಿತು. ಕೊಯಮತ್ತೂರಿನಿಂದ ತರಿಸಿದ ಯಂತ್ರಕ್ಕೆ ಕೊಟ್ಟ ಐಜಿಎಸ್‌ಟಿಯೂ ಇಂದು ಲೆಕ್ಕಕ್ಕೆ ಬರುತ್ತದೆ.

ಹೀಗೆ ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ನಮ್ಮ ಖಾತೆಗೆ ಜಮೆ ಮಾಡಿಕೊಳ್ಳುವುದಕ್ಕೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಎನ್ನುತ್ತಾರೆ. ವ್ಯಾಪಾರಿಗಳ ಬಾಯಲ್ಲಿ ಇದು ಬರೀ ‘ಇನ್‌ಪುಟ್’. ಒಂದು ಮಾತು ಸ್ಪಷ್ಟವಾಗಿರಲಿ, ಇದು ಕೈಗೆ ಬರುವ ನಗದಲ್ಲ. ನಿಮ್ಮ ಗಿರಾಕಿಗಳಿಂದ ನೀವು ವಸೂಲು ಮಾಡಿದ ತೆರಿಗೆಯನ್ನು ಸರಕಾರಕ್ಕೆ ಕಟ್ಟುವಾಗ ಇದನ್ನು ವಜಾ ಮಾಡಿಕೊಳ್ಳುತ್ತೀರಿ, ಅಷ್ಟೇ. ಕಟ್ಟಬೇಕಾದ ತೆರಿಗೆಯೇ ಇಲ್ಲದವನಿಗೆ ಇನ್‌ಪುಟ್ ಇದ್ದೂ ಉಪಯೋಗವಿಲ್ಲ.

ರಿಯಾಯಿತಿ ಇದ್ದಾಗ ತೆರಿಗೆ ಎಷ್ಟರ ಮೇಲೆ?

ಒಂದು ಉದಾಹರಣೆ ತೆಗೆದುಕೊಳ್ಳೋಣ. ಲ್ಯಾಪ್‌ಟಾಪ್ ಒಂದಕ್ಕೆ ತೆರಿಗೆ ಬಿಟ್ಟು 60,000 ರೂಪಾಯಿ ಬೆಲೆ. ಅಂಗಡಿಯವರು ಶೇ. 10 ರಿಯಾಯಿತಿ ಕೊಟ್ಟು ಅದನ್ನು ಬಿಲ್ಲಿನಲ್ಲೇ ತೋರಿಸುತ್ತಾರೆ. ಆಗ ತೆರಿಗೆ ಬೀಳುವುದು ಉಳಿದ 54,000ದ ಮೇಲೆ. ಲ್ಯಾಪ್‌ಟಾಪಿಗೆ ದರ ಶೇ. 18. ಕೇಂದ್ರದ ಪಾಲು 4,860, ರಾಜ್ಯದ ಪಾಲು 4,860, ಒಟ್ಟು 9,720 ರೂಪಾಯಿ. ನೀವು ಕೊಡುವುದು 63,720. ವಾಪಸು ಪಡೆಯಬಹುದಾದದ್ದು 9,720. ರಿಯಾಯಿತಿ ಇಲ್ಲದಿದ್ದರೆ ತೆರಿಗೆ 10,800 ಆಗುತ್ತಿತ್ತು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಕೊಡದ ತೆರಿಗೆಯನ್ನು ವಾಪಸು ಕೇಳುವಂತಿಲ್ಲ. ನೋಂದಣಿ ಇರುವ ವ್ಯಾಪಾರಿಗೆ ಆ ಲ್ಯಾಪ್‌ಟಾಪಿನ ನಿಜವಾದ ಬೆಲೆ 54,000. ನೋಂದಣಿ ಇಲ್ಲದವರಿಗೆ 63,720.

ಹಲವು ಅಂಗಡಿಗಳಲ್ಲಿ ‘ಎಲ್ಲಾ ಸೇರಿ 59,000’ ಎಂದು ಬರೆದಿರುತ್ತಾರೆ. ಅಂಥಲ್ಲಿ 59,000ಕ್ಕೆ ಶೇ. 18 ಹಾಕಿ 10,620 ಎಂದು ಲೆಕ್ಕ ಮಾಡುವವರಿದ್ದಾರೆ. ಅದು ಸರಿಯಲ್ಲ. ತೆರಿಗೆ ಆ ಬೆಲೆಯ ಒಳಗೇ ಇದೆ. 59,000ವನ್ನು 118ರಿಂದ ಭಾಗಿಸಿ 100ರಿಂದ ಗುಣಿಸಿದರೆ 50,000 ಬರುತ್ತದೆ, ಅದು ವಸ್ತುವಿನ ಬೆಲೆ. ಉಳಿದ 9,000 ತೆರಿಗೆ.

ದರಗಳ ವಿಷಯ ಬಂದದ್ದರಿಂದ ಇನ್ನೊಂದು ಮಾತು. 2025ರ ಸೆಪ್ಟೆಂಬರ್ 22ರಿಂದ ಹಲವು ದರಗಳು ಬದಲಾಗಿವೆ. ಹೊಲಿಗೆ ಯಂತ್ರಕ್ಕೆ ಅಲ್ಲಿಯವರೆಗೆ ಶೇ. 12 ಇತ್ತು, ಈಗ ಶೇ. 5. ಹವಾನಿಯಂತ್ರಕಕ್ಕೆ ಶೇ. 28 ಇದ್ದದ್ದು 18ಕ್ಕೆ ಇಳಿದಿದೆ. ಹಳೆಯ ಕೊಟೇಶನ್ ಹಿಡಿದುಕೊಂಡು ಹೋಗುವವರು ಇದನ್ನು ಗಮನಿಸಬೇಕು.

ರಿಯಾಯಿತಿಗಳಲ್ಲಿ ಹಲವು ಬಗೆ

ಎಲ್ಲ ರಿಯಾಯಿತಿಗಳೂ ಒಂದೇ ಅಲ್ಲ. ಇಲ್ಲೇ ಹೆಚ್ಚಿನ ಗೊಂದಲ ಆಗುವುದು.

ಮೊದಲನೆಯದು ಬಿಲ್ಲಿನಲ್ಲೇ ಕಳೆದು ತೋರಿಸಿದ ರಿಯಾಯಿತಿ. ಇದರಲ್ಲಿ ತೊಡಕಿಲ್ಲ. ಕಳೆದು ಉಳಿದ ಮೊತ್ತದ ಮೇಲೆ ತೆರಿಗೆ, ಅಷ್ಟೇ ಇನ್‌ಪುಟ್.

ಎರಡನೆಯದು ಮಾರಾಟ ಆದ ಮೇಲೆ ಬರುವ ರಿಯಾಯಿತಿ. ಮುದ್ರಣಾಲಯದವರು ಒಬ್ಬ ಡೀಲರಿಂದ ವರ್ಷವಿಡೀ ಯಂತ್ರ, ಬಿಡಿಭಾಗ ತೆಗೆದುಕೊಂಡಿರುತ್ತಾರೆ. ಕೊನೆಯಲ್ಲಿ ಡೀಲರು ಐದು ಸಾವಿರ ಬಿಟ್ಟುಕೊಡುತ್ತಾನೆ ಎಂದಿಟ್ಟುಕೊಳ್ಳಿ. ಅವನು ತೆರಿಗೆಯನ್ನೂ ಸೇರಿಸಿ, 5,000 ಮತ್ತು ಅದರ ತೆರಿಗೆ 900 ಎಂದು ಕ್ರೆಡಿಟ್ ನೋಟ್ ಕೊಟ್ಟರೆ, ಸರಕಾರಕ್ಕೆ ತಾನು ಕಟ್ಟಬೇಕಾದ ತೆರಿಗೆಯಲ್ಲಿ ಆ 900ನ್ನು ಕಡಿಮೆ ಮಾಡಿಕೊಳ್ಳುತ್ತಾನೆ. ಆದ್ದರಿಂದ ನೀವೂ ಹಿಂದೆ ಪಡೆದ ಇನ್‌ಪುಟ್‌ನಿಂದ 900ನ್ನು ವಾಪಸು ಮಾಡಬೇಕು. ಹಾಗಲ್ಲದೆ ತೆರಿಗೆಯನ್ನು ಮುಟ್ಟದೆ ಬರೀ 5,000ಕ್ಕೆ ವಾಣಿಜ್ಯ ಕ್ರೆಡಿಟ್ ನೋಟ್ ಕೊಟ್ಟರೆ, ಅವನು ಕಟ್ಟಿದ ತೆರಿಗೆ ಹಾಗೆಯೇ ಉಳಿಯುತ್ತದೆ. ನಿಮ್ಮ ಇನ್‌ಪುಟ್ಟೂ ಹಾಗೆಯೇ ಉಳಿಯುತ್ತದೆ. ಈ ಬಗ್ಗೆ ಬಹಳ ಕಾಲ ಇದ್ದ ಸಂಶಯವನ್ನು ಕೇಂದ್ರ ಪರೋಕ್ಷ ತೆರಿಗೆ ಮಂಡಳಿ 2025ರ ಸೆಪ್ಟೆಂಬರ್ 12ರ ಸುತ್ತೋಲೆಯಲ್ಲಿ ಬಗೆಹರಿಸಿದೆ. ಕ್ರೆಡಿಟ್ ನೋಟ್ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಅದರಲ್ಲಿ ತೆರಿಗೆಯ ಸಾಲು ಇದೆಯೋ ಇಲ್ಲವೋ ಎಂಬುದನ್ನು.

ಮೂರನೆಯದು ಬ್ಯಾಂಕಿನ ಕಾರ್ಡಿಗೆ ಬರುವ ಕ್ಯಾಶ್‌ಬ್ಯಾಕ್. ಇದನ್ನು ಅಂಗಡಿಯವರು ಬಿಲ್ಲಿನಲ್ಲಿ ಕಳೆದಿರದಿದ್ದರೆ ತೆರಿಗೆ ಪೂರ್ತಿ ಬೆಲೆಯ ಮೇಲೆ ಬಿದ್ದಿರುತ್ತದೆ. ಬಿಲ್ಲಿನಲ್ಲಿ ಬರೆದ ತೆರಿಗೆಯೇ ನಿಮ್ಮ ಇನ್‌ಪುಟ್. ಪರದೆಯ ಮೇಲೆ ಕಂಡ ‘ನೀವು ಉಳಿಸಿದ್ದು ಇಷ್ಟು’ ಎಂಬ ಅಂಕೆ ಲೆಕ್ಕಕ್ಕೆ ಬಾರದು.

ನಾಲ್ಕನೆಯದು ಎಕ್ಸ್‌ಚೇಂಜ್. ಹಳೆಯದನ್ನು ಕೊಟ್ಟು ಹೊಸದನ್ನು ಒಯ್ಯಿರಿ ಎನ್ನುತ್ತಾರಲ್ಲ, ಕಾನೂನಿನ ಕಣ್ಣಿನಲ್ಲಿ ಅದು ರಿಯಾಯಿತಿಯೇ ಅಲ್ಲ. ಜಿಎಸ್‌ಟಿ ನಿಯಮಗಳಲ್ಲೇ ಇದಕ್ಕೆ ಒಂದು ಉದಾಹರಣೆ ಕೊಟ್ಟಿದ್ದಾರೆ. ಹಳೆಯ ಫೋನ್ ಕೊಟ್ಟರೆ ಹೊಸ ಫೋನಿಗೆ 20,000, ಹಳೆಯದಿಲ್ಲದಿದ್ದರೆ 24,000 ಎಂದಾದರೆ ತೆರಿಗೆ 24,000ದ ಮೇಲೆಯೇ. ಉಳಿದ ನಾಲ್ಕು ಸಾವಿರವನ್ನು ನೀವು ಹಣದ ಬದಲು ವಸ್ತುವಿನಲ್ಲಿ ಕೊಟ್ಟಿದ್ದೀರಿ, ಅಷ್ಟೇ. ಹೊಸ ವಸ್ತುವಿಗೆ ಬಿಲ್ಲಿನಲ್ಲಿ ಹಾಕಿದ ಪೂರ್ತಿ ತೆರಿಗೆ ನಿಮಗೆ ಇನ್‌ಪುಟ್ ಆಗುತ್ತದೆ. ಆದರೆ ಹಳೆಯ ಯಂತ್ರ ನಿಮ್ಮ ವ್ಯಾಪಾರದ್ದಾಗಿದ್ದು, ಅದಕ್ಕೆ ಆಗ ಇನ್‌ಪುಟ್ ಪಡೆದಿದ್ದರೆ, ಅದನ್ನು ಕೊಡುವಾಗ ನೀವೂ ತೆರಿಗೆ ಕಟ್ಟಬೇಕಾಗುತ್ತದೆ. ಪಡೆದ ಇನ್‌ಪುಟ್‌ನಲ್ಲಿ ಪ್ರತಿ ಮೂರು ತಿಂಗಳಿಗೆ ಶೇ. 5ರಂತೆ ಕಳೆದು ಉಳಿದದ್ದು ಒಂದು ಲೆಕ್ಕ. ಹಳೆಯ ಯಂತ್ರಕ್ಕೆ ಈಗ ಕಟ್ಟಿದ ಬೆಲೆಯ ಮೇಲಿನ ತೆರಿಗೆ ಇನ್ನೊಂದು ಲೆಕ್ಕ. ಎರಡರಲ್ಲಿ ಯಾವುದು ಹೆಚ್ಚೋ ಅದನ್ನು ಕಟ್ಟಬೇಕು. ಆಗ ಹೇಳಿದ ಲ್ಯಾಪ್‌ಟಾಪನ್ನು ಮೂರು ವರ್ಷ ತುಂಬುವಾಗ 8,000 ರೂಪಾಯಿಗೆ ಕೊಟ್ಟರೆ, 9,720ರಲ್ಲಿ ಶೇ. 60 ಹೋಗಿ 3,888 ಉಳಿಯುತ್ತದೆ. 8,000ಕ್ಕೆ ಶೇ. 18 ಹಾಕಿದರೆ 1,440. ಕಟ್ಟಬೇಕಾದದ್ದು 3,888. ಹಳೆಯ ಯಂತ್ರಕ್ಕೆ ಅಂಗಡಿಯವನು ಹೇಳುವ ಬೆಲೆ ಒಪ್ಪಬೇಕೇ ಬೇಡವೇ ಎಂದು ತೀರ್ಮಾನಿಸುವಾಗ ಈ ಮೊತ್ತವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಬಿಲ್ ಬೇಡವೆಂದರೆ ಸಿಗುವ ‘ರಿಯಾಯಿತಿ’

ಐದನೆಯ ಬಗೆಯೊಂದು ಇದೆ. ಅದನ್ನು ಪ್ರತ್ಯೇಕವಾಗಿ ಹೇಳಬೇಕು. ‘ಬಿಲ್ ಬೇಡವೆಂದರೆ ಕಡಿಮೆ ಮಾಡಿಕೊಡುತ್ತೇನೆ’ ಎನ್ನುವ ಮಾತನ್ನು ನೀವೆಲ್ಲ ಕೇಳಿದ್ದೀರಿ. ಅದೇ ಲ್ಯಾಪ್‌ಟಾಪ್ ಬಿಲ್ ಸಹಿತ 63,720, ಕಚ್ಚಾ ಚೀಟಿಯಲ್ಲಿ 57,000 ಎಂದಿಟ್ಟುಕೊಳ್ಳಿ. ಆರೂಮುಕ್ಕಾಲು ಸಾವಿರದಷ್ಟು ಲಾಭವಾಯಿತೆಂದು ನೋಂದಣಿ ಇರುವ ನಮ್ಮ ಎಷ್ಟೋ ವ್ಯಾಪಾರಿಗಳು ಸಂತೋಷದಿಂದ ಬರುತ್ತಾರೆ. ಆದರೆ ಬಿಲ್ ಸಹಿತ ಕೊಂಡಿದ್ದರೆ ಅವರಿಗೆ ಬೀಳುತ್ತಿದ್ದದ್ದು 54,000. ಅಂದರೆ ಮೂರು ಸಾವಿರ ಹೆಚ್ಚು ಕೊಟ್ಟು ಬಂದಿದ್ದಾರೆ. ಲಾಭವಾದದ್ದು ಮಾರಿದವನಿಗೆ.

ನೋಂದಣಿ ಇಲ್ಲದವರಿಗೆ ಕೈಯಲ್ಲಿ ಆ ಹಣ ಉಳಿಯುತ್ತದೆ ಎಂಬುದು ನಿಜ, ಇಲ್ಲವೆನ್ನುವುದಿಲ್ಲ. ಆದರೆ ಯಂತ್ರ ಕೆಟ್ಟಾಗ ವಾರಂಟಿ ಕೇಳಲು ಬಿಲ್ ಬೇಕು. ಕಳವಾದಾಗ ದೂರು ಕೊಡಲು, ವಿಮೆ ಕೇಳಲು ಬಿಲ್ ಬೇಕು. ಯಂತ್ರಕ್ಕೆಂದು ಸಾಲ ಕೊಟ್ಟ ಬ್ಯಾಂಕು ಬಿಲ್ ಕೇಳುತ್ತದೆ. ಆದಾಯ ತೆರಿಗೆಯಲ್ಲಿ ಸವಕಳಿ ತೋರಿಸಲು ಬಿಲ್ ಬೇಕು. ಇವೆಲ್ಲವನ್ನೂ ಬಿಟ್ಟರೂ, ತೆರಿಗೆ ತಪ್ಪಿಸುವ ಕೆಲಸದಲ್ಲಿ ನಾವು ಪಾಲುದಾರರಾಗುತ್ತೇವೆ ಎಂಬುದು ಇದ್ದೇ ಇದೆ.

ವಾಪಸು ಪಡೆಯಲು ಏನೇನು ಸರಿ ಇರಬೇಕು?

ಮೊದಲಾಗಿ ನಿಮಗೆ ಜಿಎಸ್‌ಟಿ ನೋಂದಣಿ ಇರಬೇಕು ಮತ್ತು ಕೊಂಡ ಬಿಲ್ಲಿನಲ್ಲಿ ನಿಮ್ಮ 15 ಅಕ್ಷರಗಳ ನೋಂದಣಿ ಸಂಖ್ಯೆ ಇರಬೇಕು. ಕರ್ನಾಟಕದ ಸಂಖ್ಯೆ 29ರಿಂದ ಪ್ರಾರಂಭವಾಗುತ್ತದೆ. ಆನ್‌ಲೈನಿನಲ್ಲಿ ದೊಡ್ಡ ಮಾರಾಟದ ದಿನಗಳಲ್ಲಿ ಅವಸರದಿಂದ ಆರ್ಡರ್ ಹಾಕುವವರು ಈ ಸಂಖ್ಯೆ ಕೊಡಲು ಮರೆಯುತ್ತಾರೆ. ಬಿಲ್ ಮಗನ ಹೆಸರಿನಲ್ಲೋ ಮನೆಯ ವಿಳಾಸದಲ್ಲೋ ಬರುತ್ತದೆ. ಅಂಥ ಬಿಲ್ ಎಷ್ಟು ಅಗ್ಗದ್ದಾದರೂ ಇನ್‌ಪುಟ್‌ಗೆ ಕೆಲಸಕ್ಕೆ ಬಾರದು. ಆರ್ಡರ್ ಒತ್ತುವ ಮೊದಲೇ ಸಂಖ್ಯೆ ಹಾಕಿರಬೇಕು.

ಎರಡನೆಯದಾಗಿ, ವಸ್ತು ನಿಮ್ಮ ಕೈ ಸೇರಿರಬೇಕು. ಮುಂಗಡ ಕೊಟ್ಟು ಬಿಲ್ ಮಾತ್ರ ಬಂದರೆ ಸಾಲದು.

ಮೂರನೆಯದಾಗಿ, ಮಾರಿದವನು ಆ ಬಿಲ್ಲನ್ನು ತನ್ನ ರಿಟರ್ನ್‌ನಲ್ಲಿ ತೋರಿಸಿ ತೆರಿಗೆ ಕಟ್ಟಿರಬೇಕು. ತೋರಿಸಿದರೆ ಅದು ನಿಮ್ಮ ಜಿಎಸ್‌ಟಿಆರ್–2ಬಿ ಎಂಬ ಪಟ್ಟಿಯಲ್ಲಿ ಕಾಣಿಸುತ್ತದೆ. ಈ ಪಟ್ಟಿ ಪ್ರತಿ ತಿಂಗಳು 14ರಂದು ಸಿದ್ಧವಾಗುತ್ತದೆ. ಅದರಲ್ಲಿ ನಿಮ್ಮ ಬಿಲ್ ಇಲ್ಲವಾದರೆ ಕೂಡಲೇ ಅಂಗಡಿಗೆ ಫೋನ್ ಮಾಡಿ ಕೇಳಿ. ಮಾರ್ಚ್ ಬಂದ ಮೇಲೆ ಹುಡುಕುತ್ತಾ ಕೂರಬೇಡಿ. ಎಲ್ಲರಿಗಿಂತ ಅಗ್ಗವಾಗಿ ಕೊಡುವವನು ರಿಟರ್ನ್ ಹಾಕದವನಾಗಿದ್ದರೆ ಅವನು ಕೊಟ್ಟ ರಿಯಾಯಿತಿ ನಿಮ್ಮ ಇನ್‌ಪುಟ್ಟಿನಿಂದಲೇ ಹೋಗುತ್ತದೆ.

ನಾಲ್ಕನೆಯದಾಗಿ, ಸಾಲಕ್ಕೆ ತಂದಿದ್ದರೆ ಬಿಲ್ಲಿನ ದಿನದಿಂದ 180 ದಿನಗಳೊಳಗೆ ತೆರಿಗೆ ಸಹಿತ ಪೂರ್ತಿ ಹಣ ಕೊಟ್ಟಿರಬೇಕು. ಇಲ್ಲವಾದರೆ ಪಡೆದ ಇನ್‌ಪುಟ್ಟನ್ನು ಬಡ್ಡಿ ಸಹಿತ ವಾಪಸು ಮಾಡಬೇಕು. ಹಣ ಕೊಟ್ಟ ಮೇಲೆ ಅದನ್ನು ಮತ್ತೆ ಪಡೆಯಬಹುದು.

ಐದನೆಯದಾಗಿ, ಅವಧಿ. ಒಂದು ಆರ್ಥಿಕ ವರ್ಷದ ಬಿಲ್ಲಿಗೆ ಇನ್‌ಪುಟ್ ಪಡೆಯಲು ಮುಂದಿನ ನವೆಂಬರ್ 30ರವರೆಗೆ, ಅಥವಾ ಆ ವರ್ಷದ ವಾರ್ಷಿಕ ರಿಟರ್ನ್ ಹಾಕುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಸಮಯ. 2025–26ರ ಬಿಲ್ಲಾದರೆ 2026ರ ನವೆಂಬರ್ 30. ಅದು ದಾಟಿದ ಮೇಲೆ ಎಷ್ಟು ಒಳ್ಳೆಯ ಬಿಲ್ಲಾದರೂ ಅದು ಬರೀ ಕಾಗದ.

ಕೊನೆಯದಾಗಿ, ಯಂತ್ರದ ತೆರಿಗೆಯನ್ನು ಒಂದೇ ಸಲ ಪೂರ್ತಿಯಾಗಿ ಪಡೆಯಬಹುದು. ಆದರೆ ಆ ತೆರಿಗೆಯ ಮೊತ್ತವನ್ನು ಯಂತ್ರದ ಬೆಲೆಗೆ ಸೇರಿಸಿ ಆದಾಯ ತೆರಿಗೆಯಲ್ಲಿ ಸವಕಳಿ ತೋರಿಸುವಂತಿಲ್ಲ. ಎರಡರಲ್ಲಿ ಒಂದು ಮಾತ್ರ.

ಗಡಿಯಲ್ಲಿರುವ ನಮಗೆ ಇನ್ನೊಂದು ಎಚ್ಚರಿಕೆ. ಮಂಗಳೂರಿನವರು ಕಾಸರಗೋಡಿಗೆ ಹೋಗಿ ಅಂಗಡಿಯಿಂದ ಯಂತ್ರ ತರುವುದಿದೆ. ಬಿಲ್ಲಿನಲ್ಲಿ ಕೇರಳದ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎಂದು ಹಾಕಿದ್ದರೆ ಅದು ಕರ್ನಾಟಕದ ನೋಂದಣಿಗೆ ಜಮೆಯಾಗದು. ನಿಮ್ಮ ಸಂಖ್ಯೆ ಕೊಟ್ಟು, ಇಲ್ಲಿಗೆ ಕಳಿಸುವಂತೆ ಹೇಳಿ, ಐಜಿಎಸ್‌ಟಿ ಬಿಲ್ ಮಾಡಿಸಬೇಕು. ಹಾಗೆಯೇ ಗಲ್ಫಿನಲ್ಲಿರುವ ಮಕ್ಕಳು, ಅಳಿಯಂದಿರು ಊರಿಗೆ ಬರುವಾಗ ಕ್ಯಾಮರಾ, ಲ್ಯಾಪ್‌ಟಾಪ್ ತರುತ್ತಾರೆ. ದುಬೈಯಲ್ಲಿ 2018ರಿಂದ ಶೇ. 5 ವ್ಯಾಟ್ ಇದೆ, ಸೌದಿಯಲ್ಲಿ 2020ರ ಜುಲೈಯಿಂದ ಶೇ. 15. ಅಲ್ಲಿ ಕೊಟ್ಟ ವ್ಯಾಟನ್ನು ಇಲ್ಲಿನ ಜಿಎಸ್‌ಟಿಯಲ್ಲಿ ವಜಾ ಮಾಡುವ ದಾರಿಯಿಲ್ಲ. ಅಲ್ಲಿನ ಬೆಲೆಯನ್ನು ಇಲ್ಲಿನ ಬಿಲ್ಲಿನ ಒಟ್ಟು ಮೊತ್ತದೊಡನೆ ಹೋಲಿಸಬೇಡಿ. ಇನ್‌ಪುಟ್ ಕಳೆದು ಉಳಿಯುವ ಮೊತ್ತದೊಡನೆ ಹೋಲಿಸಿ.

ಯಾರಿಗೆ ಇಲ್ಲ?

ಕಾಂಪೊಸಿಷನ್ ಯೋಜನೆಯಲ್ಲಿರುವ ಸಣ್ಣ ವ್ಯಾಪಾರಿಗಳಿಗೆ ಇನ್‌ಪುಟ್ ಇಲ್ಲ. ಅವರು ಗಿರಾಕಿಯಿಂದ ತೆರಿಗೆ ವಸೂಲು ಮಾಡುವುದಿಲ್ಲ, ಆದ್ದರಿಂದ ವಜಾ ಮಾಡಲಿಕ್ಕೂ ಇಲ್ಲ. ಸಂಬಳಕ್ಕೆ ದುಡಿಯುವವರು ತಮ್ಮ ಕೆಲಸಕ್ಕೆಂದು ಸ್ವಂತ ಹಣದಿಂದ ಲ್ಯಾಪ್‌ಟಾಪ್ ಕೊಂಡರೂ ಅವರಿಗೆ ಇಲ್ಲ. ಮನೆಗೆಂದು ತಂದ ಫ್ರಿಜ್ಜನ್ನು ಅಂಗಡಿಯ ಸಂಖ್ಯೆಯಲ್ಲಿ ಬಿಲ್ ಮಾಡಿಸಿದರೂ ಇಲ್ಲ. ಭಾಗ ಮನೆಗೆ, ಭಾಗ ವ್ಯಾಪಾರಕ್ಕೆ ಬಳಸಿದರೆ ವ್ಯಾಪಾರದ ಪಾಲಿಗೆ ಮಾತ್ರ.

ಈಗ ನಮ್ಮ ಸಂಘಕ್ಕೇ ಸಂಬಂಧಿಸಿದ ಮಾತು. ಶಾಲೆ, ಪದವಿಪೂರ್ವ ಕಾಲೇಜು, ಮಾನ್ಯತೆ ಪಡೆದ ಪದವಿ ಶಿಕ್ಷಣ ಇವುಗಳ ಶುಲ್ಕಕ್ಕೆ ಜಿಎಸ್‌ಟಿ ಇಲ್ಲ. ಇದು ಒಳ್ಳೆಯದೇ. ಆದರೆ ತೆರಿಗೆ ಇಲ್ಲದ ಸೇವೆಗೆಂದು ಕೊಂಡ ಯಂತ್ರಕ್ಕೆ ಇನ್‌ಪುಟ್ಟೂ ಇಲ್ಲ. ಶಾಲೆಗೆ 40,000 ರೂಪಾಯಿಯ 30 ಕಂಪ್ಯೂಟರ್ ಕೊಂಡರೆ ಬೆಲೆ 12,00,000, ತೆರಿಗೆ 2,16,000. ಈ ಎರಡು ಲಕ್ಷ ಹದಿನಾರು ಸಾವಿರ ಸಂಸ್ಥೆಗೆ ಪೂರ್ತಿ ಖರ್ಚು.

ಇಲ್ಲಿ ಒಂದು ಉಪಾಯವನ್ನು ಕೆಲವರು ಒಳ್ಳೆಯ ಮನಸ್ಸಿನಿಂದಲೇ ಸೂಚಿಸುವುದುಂಟು. ‘ಕಂಪ್ಯೂಟರುಗಳನ್ನು ನಮ್ಮ ಅಂಗಡಿಯ ಸಂಖ್ಯೆಯಲ್ಲಿ ಬಿಲ್ ಮಾಡಿಸೋಣ, ತೆರಿಗೆಯನ್ನು ಇನ್‌ಪುಟ್ ತೆಗೆದುಕೊಂಡು ಉಳಿಸೋಣ, ವಸ್ತುವನ್ನು ಶಾಲೆಗೆ ಕೊಟ್ಟುಬಿಡೋಣ’ ಎಂದು. ದಯವಿಟ್ಟು ಇದನ್ನು ಮಾಡಬೇಡಿ, ಯಾರಾದರೂ ಮಾಡಲು ಬಂದರೆ ಸಂಸ್ಥೆಯವರು ಒಪ್ಪಬೇಡಿ. ಉಡುಗೊರೆಯಾಗಿ ಕೊಟ್ಟ ವಸ್ತುವಿಗೆ ಇನ್‌ಪುಟ್ ಇಲ್ಲ ಎಂದು ಕಾನೂನಿನ 17ನೇ ಕಲಂ ನೇರವಾಗಿ ಹೇಳುತ್ತದೆ. ತಪ್ಪಾಗಿ ಪಡೆದು ಬಳಸಿಕೊಂಡರೆ ಆ ಮೊತ್ತ, ಅದಕ್ಕೆ ವರ್ಷಕ್ಕೆ ಶೇ. 18 ಬಡ್ಡಿ, ಮೇಲೆ ದಂಡ. ವಂಚನೆಯೆಂದು ತೀರ್ಮಾನವಾದರೆ ದಂಡವೇ ತೆರಿಗೆಯಷ್ಟು ಆಗಬಹುದು. ನೋಟೀಸು ಬರುವುದು ದಾನ ಕೊಟ್ಟ ಸದಸ್ಯನ ಅಂಗಡಿಗೆ, ಪ್ರಶ್ನೆ ಬರುವುದು ನಮ್ಮ ಶಾಲೆಯ ಹೆಸರಿಗೆ. ಹತ್ತಾರು ವರ್ಷ ಜನರು ನಂಬಿಕೆಯಿಟ್ಟು ಕೊಟ್ಟ ಹಣದಿಂದ ಬೆಳೆದ ಸಂಸ್ಥೆಗೆ ಆ ಎರಡು ಲಕ್ಷಕ್ಕಿಂತ ಹೆಸರು ದೊಡ್ಡದು. ಇನ್ನೊಂದು ರೀತಿಯಲ್ಲಿ ನೋಡಿ. ಕಂಪ್ಯೂಟರ್ ಕೊಟ್ಟು ಅದರ ತೆರಿಗೆಯನ್ನು ವಾಪಸು ಪಡೆದರೆ, ಅಷ್ಟು ಭಾಗದ ದಾನ ಅವರ ಜೇಬಿನಿಂದ ಬಂದದ್ದಲ್ಲ.

ಹಾಗಾದರೆ ಶಾಲೆ ಏನು ಮಾಡಬಹುದು? ರಿಯಾಯಿತಿಯನ್ನು ಬಿಲ್ಲಿನಲ್ಲೇ ಕೇಳಿ ಪಡೆಯಬಹುದು. ಇಲ್ಲಿ ಒಂದು ಸಣ್ಣ ಲೆಕ್ಕವಿದೆ. ನೋಂದಣಿ ಇರುವ ವ್ಯಾಪಾರಿಗೆ ಬಿಲ್ಲಿನಲ್ಲಿ ಸಿಕ್ಕಿದ ಒಂದು ರೂಪಾಯಿ ರಿಯಾಯಿತಿಯ ಬೆಲೆ ಒಂದು ರೂಪಾಯಿಯೇ. ಯಾಕೆಂದರೆ ತೆರಿಗೆ ಹೇಗೂ ವಾಪಸು ಬರುತ್ತದೆ. ಇನ್‌ಪುಟ್ ಇಲ್ಲದ ಶಾಲೆಗೆ ಅದರ ಬೆಲೆ ಒಂದು ರೂಪಾಯಿ ಹದಿನೆಂಟು ಪೈಸೆ. 12 ಲಕ್ಷಕ್ಕೆ ಶೇ. 10 ರಿಯಾಯಿತಿ ಬಿಲ್ಲಿನಲ್ಲೇ ಕಳೆದರೆ 1,20,000ದ ಜೊತೆಗೆ ತೆರಿಗೆಯಲ್ಲಿ 21,600, ಒಟ್ಟು 1,41,600 ಉಳಿಯುತ್ತದೆ. ಅದೇ 1,20,000ವನ್ನು ಡೀಲರು ಆಮೇಲೆ ವಾಣಿಜ್ಯ ಕ್ರೆಡಿಟ್ ನೋಟ್ ಆಗಿಯೋ ಶಾಲೆಗೆ ದೇಣಿಗೆಯಾಗಿಯೋ ಕೊಟ್ಟರೆ 21,600 ಹೋಯಿತು. ‘ಆಮೇಲೆ ನೋಡಿಕೊಳ್ಳೋಣ’ ಎಂಬ ಡೀಲರನ ಮಾತಿಗೆ ಶಾಲೆಯವರು ಒಪ್ಪಬಾರದು ಎನ್ನುವುದು ಇದಕ್ಕೆ. ಕಾಂಪೊಸಿಷನ್ ವ್ಯಾಪಾರಿಗೂ, ನೋಂದಣಿಯಿಲ್ಲದ ಹೊಲಿಗೆ ಅಂಗಡಿಗೂ ಇದೇ ಮಾತು ಅನ್ವಯಿಸುತ್ತದೆ.

ಸಂಸ್ಥೆಗಳ ಎಲ್ಲ ಚಟುವಟಿಕೆಯೂ ತೆರಿಗೆಯಿಂದ ಹೊರಗಲ್ಲ. ಅಂಗಡಿ ಕೋಣೆಗಳ ಬಾಡಿಗೆ, ಮಾನ್ಯತೆಯಿಲ್ಲದ ಕೋಚಿಂಗ್ ತರಗತಿ ಇಂಥವಕ್ಕೆ ನೋಂದಣಿ ಮಾಡಿ ತೆರಿಗೆ ಕಟ್ಟುತ್ತಿದ್ದರೆ, ಆ ಕೆಲಸಕ್ಕೇ ಕೊಂಡ ಯಂತ್ರದ ಇನ್‌ಪುಟ್ ಸಿಗುತ್ತದೆ. ಶಾಲೆಗೂ ಕೋಚಿಂಗಿಗೂ ಒಂದೇ ಜನರೇಟರ್ ಆದರೆ ತೆರಿಗೆಯನ್ನು 60 ತಿಂಗಳಿಗೆ ಹಂಚಿ, ತೆರಿಗೆ ಇರುವ ಆದಾಯದ ಪ್ರಮಾಣದಲ್ಲಿ ಲೆಕ್ಕ ಮಾಡಬೇಕು. ಇದನ್ನು ತಿಳಿದ ಲೆಕ್ಕಪರಿಶೋಧಕರ ಕೈಯಲ್ಲೇ ಮಾಡಿಸಿ.

ವಿದ್ಯಾರ್ಥಿಗಳಿಗೆ

ಪ್ರೀತಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಡಿಸೈನ್, ವೀಡಿಯೊ ಎಡಿಟಿಂಗ್, ಸಾಫ್ಟ್‌ವೇರ್ ಕೆಲಸ ಮಾಡಿ ಈಗಲೇ ಸಂಪಾದಿಸುವವರಿದ್ದೀರಿ. ನಮ್ಮ ರಾಜ್ಯದಲ್ಲಿ ಸೇವೆಗೆ ವರ್ಷಕ್ಕೆ 20 ಲಕ್ಷ, ಸರಕು ಮಾರಾಟಕ್ಕೆ 40 ಲಕ್ಷ ವಹಿವಾಟು ದಾಟುವವರೆಗೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಲ್ಲ. ಸ್ವಇಚ್ಛೆಯಿಂದ ಮಾಡಿಸಿಕೊಳ್ಳಬಹುದು. ಬರೀ ಲ್ಯಾಪ್‌ಟಾಪಿನ ಒಂಬತ್ತು ಸಾವಿರಕ್ಕಾಗಿ ನೋಂದಣಿ ಮಾಡಿಸಬೇಡಿ. ಮಾಡಿಸಿದ ಮೇಲೆ ವಹಿವಾಟು ಇರಲಿ ಇಲ್ಲದಿರಲಿ ರಿಟರ್ನ್ ಹಾಕುತ್ತಲೇ ಇರಬೇಕು, ತಪ್ಪಿದರೆ ವಿಳಂಬ ಶುಲ್ಕ. ನಿಮ್ಮ ಗಿರಾಕಿಗಳು ನೋಂದಣಿಯಿರುವ ಕಂಪೆನಿಗಳಾದರೆ ನೀವು ಹಾಕಿದ ತೆರಿಗೆ ಅವರಿಗೆ ಇನ್‌ಪುಟ್ ಆಗುತ್ತದೆ, ಅವರಿಗೆ ತೊಂದರೆಯಿಲ್ಲ. ಗಿರಾಕಿಗಳು ಮದುವೆ ಮನೆಯವರಾದರೆ ನಿಮ್ಮ ದರ ಅವರಿಗೆ ಶೇ. 18 ದುಬಾರಿಯಾಗುತ್ತದೆ.

ನೋಂದಣಿ ಮಾಡಿಸುವುದೆಂದು ತೀರ್ಮಾನಿಸಿದರೆ ಮಾತ್ರ ಈ ಕ್ರಮವನ್ನು ನೆನಪಿಡಿ, ಮೊದಲು ನೋಂದಣಿ, ಆಮೇಲೆ ಯಂತ್ರ. ಹೊಸದಾಗಿ ನೋಂದಣಿಯಾದವರಿಗೆ ಕೈಯಲ್ಲಿರುವ ಕಚ್ಚಾ ಸಾಮಗ್ರಿ, ದಾಸ್ತಾನಿನ ತೆರಿಗೆ ಸಿಗುತ್ತದೆ. ಅದಕ್ಕೆ ಮೊದಲು ಕೊಂಡ ಯಂತ್ರದ ತೆರಿಗೆ ಸಿಗುವುದಿಲ್ಲ. ಹಬ್ಬದ ಮಾರಾಟದಲ್ಲಿ ಅಗ್ಗವೆಂದು ಇವತ್ತು ಕೊಂಡು, ಮುಂದಿನ ತಿಂಗಳು ನೋಂದಣಿ ಮಾಡಿಸಿದರೆ ಇನ್‌ಪುಟ್ ಪೂರ್ತಿ ಹೋಯಿತು. ಅದು ರಿಯಾಯಿತಿಗಿಂತ ದೊಡ್ಡ ಮೊತ್ತವಾಗಿರಬಹುದು.

ವಿದೇಶದ ಗಿರಾಕಿಗೆ ಕೆಲಸ ಮಾಡುವವರಿಗೆ ಇನ್ನೊಂದು ಮಾತು. ಎಲ್‌ಯುಟಿ ಎಂಬ ಮುಚ್ಚಳಿಕೆ ಕೊಟ್ಟು ತೆರಿಗೆಯಿಲ್ಲದೆ ಸೇವೆ ರಫ್ತು ಮಾಡಬಹುದು. ಆಗ ಬಳಕೆಯಾಗದ ಇನ್‌ಪುಟ್ಟನ್ನು ನಗದಾಗಿ ಕೇಳಲೂ ಅವಕಾಶವಿದೆ. ಆದರೆ ಆ ಲೆಕ್ಕದಲ್ಲಿ ಯಂತ್ರೋಪಕರಣಗಳ ತೆರಿಗೆ ಸೇರುವುದಿಲ್ಲ. ಇಂಟರ್‌ನೆಟ್ ಬಿಲ್ಲಿನ ತೆರಿಗೆ ಬರುತ್ತದೆ, ಲ್ಯಾಪ್‌ಟಾಪಿನದು ಬರುವುದಿಲ್ಲ. ಅದು ಖಾತೆಯಲ್ಲೇ ಉಳಿದು, ದೇಶದೊಳಗಿನ ಗಿರಾಕಿಯಿಂದ ತೆರಿಗೆ ವಸೂಲಾದಾಗ ಉಪಯೋಗಕ್ಕೆ ಬರುತ್ತದೆ.

ಕೊನೆಯದಾಗಿ

ಬಂಧುಗಳೇ, ಇಷ್ಟೆಲ್ಲ ಹೇಳಿದ್ದರ ಸಾರ ಒಂದೇ. ರಿಯಾಯಿತಿ ಎಷ್ಟು ಎಂದು ಕೇಳುವ ಮೊದಲು ‘ಈ ತೆರಿಗೆ ನನಗೆ ವಾಪಸು ಬರುತ್ತದೆಯೇ’ ಎಂದು ಕೇಳಿಕೊಳ್ಳಿ. ಬರುವವರಾದರೆ ಒಟ್ಟು ಮೊತ್ತವನ್ನು ಬಿಟ್ಟು ತೆರಿಗೆ ಕಳೆದ ಬೆಲೆಗಳನ್ನು ಹೋಲಿಸಿ, ಬಿಲ್ಲಿಲ್ಲದೆ ಏನನ್ನೂ ಕೊಳ್ಳಬೇಡಿ. ಬಾರದವರಾದರೆ ತೆರಿಗೆ ಸೇರಿದ ಮೊತ್ತವನ್ನು ಹೋಲಿಸಿ, ರಿಯಾಯಿತಿಯನ್ನು ಬಿಲ್ಲಿನಲ್ಲೇ ಕಳೆಯಿಸಿಕೊಳ್ಳಿ. ನಮಗೆ ಬರಬೇಕಾದದ್ದನ್ನು ಬಿಡುವುದು ದೊಡ್ಡತನವಲ್ಲ, ಬಾರದ್ದನ್ನು ಬರೆದುಕೊಳ್ಳುವುದು ಜಾಣತನವಲ್ಲ.

ಸಂಘದ ಮುಂದೆ ಒಂದು ವಿನಂತಿ ಇಡುತ್ತೇನೆ. ನಮ್ಮ ಕಾಲೇಜಿನ ವಾಣಿಜ್ಯ ವಿಭಾಗದಲ್ಲಿ ಜಿಎಸ್‌ಟಿಯನ್ನು ಪುಸ್ತಕದಿಂದ ಓದುವ ಮಕ್ಕಳಿದ್ದಾರೆ. ಪೇಟೆಯಲ್ಲಿ ಬಿಲ್ಲುಗಳನ್ನು ಡ್ರಾಯರಿನಲ್ಲಿ ತುಂಬಿಸಿಟ್ಟ ಹಿರಿಯರಿದ್ದಾರೆ. ತಿಂಗಳಿಗೊಂದು ಸಂಜೆ, 14ನೇ ತಾರೀಕು ಕಳೆದ ಮೇಲಿನ ಒಂದು ದಿನ, ಈ ಇಬ್ಬರನ್ನೂ ಇದೇ ಸಭಾಂಗಣದಲ್ಲಿ ಒಂದು ಮೇಜಿನ ಸುತ್ತ ಕೂರಿಸಿದರೆ ಸಾಕು. ಮಕ್ಕಳು ಪಟ್ಟಿ ತೆರೆದು ಬಿಲ್ಲುಗಳನ್ನು ಹೋಲಿಸಿ ನೋಡಲಿ, ಒಬ್ಬ ಅನುಭವಿ ತೆರಿಗೆ ಸಲಹೆಗಾರರು ಪಕ್ಕದಲ್ಲಿದ್ದು ತಿದ್ದಲಿ. ಮಕ್ಕಳಿಗೆ ಕೆಲಸ ಕಲಿತಂತಾಗುತ್ತದೆ, ಹಿರಿಯರಿಗೆ ನವೆಂಬರ್ ಮೂವತ್ತು ತಪ್ಪುವುದಿಲ್ಲ. ಇದಕ್ಕೆ ಕಟ್ಟಡ ಬೇಡ, ದೇಣಿಗೆ ಬೇಡ.